ಎಂಟು ನಿಮಿಷದ ಅಂತರ

ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಹೋಗುವುದಿಲ್ಲ ಎಂದು ಗಂಡ ಹೆಂಡತಿ ಮಾತು ಕೊಟ್ಟುಕೊಂಡು ಹದಿನಾಲ್ಕು ವರ್ಷವಾಗಿತ್ತು. ಕೊಟ್ಟುಕೊಂಡದ್ದು ಮೆಟ್ಟಿಲ ಮೇಲೆ. ಮದುವೆಯಾದ ಹೊಸತು, ಅವಳ ಕಾಲಿಗೆ ಪ್ಲಾಸ್ಟರ್, ಲಿಫ್ಟು ಕೆಟ್ಟಿತ್ತು. ತರಕಾರಿ ಚೀಲ ಹಿಡಿದು ನಾಲ್ಕು ಮೆಟ್ಟಿಲು ಮೇಲೆ ಹೋಗಿದ್ದ ಗಂಡ ನಾಚಿಕೊಂಡು ಇಳಿದು ಬಂದು, ಇನ್ನು ನಿನ್ನನ್ನು ಬಿಟ್ಟು ಮುಂದೆ ಹೋಗಲ್ಲ ಎಂದಿದ್ದ. ನಾನೂ ಅಷ್ಟೆ ಎಂದಿದ್ದಳು ಅವಳು. ಸುಧಾರಿಸಿಕೊಳ್ಳಲು ನಿಂತಾಗ ಜನ ಏನೇನೋ ಹೇಳುತ್ತಾರೆ, ಮೇಲೆ ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಮರೆಯುತ್ತಾರೆ. ಇವರು ಮರೆಯಲಿಲ್ಲ.

ಈಗ ಅವಳು ಹಳದಿ ಟೋಪಿ ಹಾಕಿಕೊಂಡು ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಗಂಡಸರ ಕೆಂಪು ಟೋಪಿಗಳು ಆಗಲೇ ದೂರದಲ್ಲಿ ಚುಕ್ಕೆಗಳಾಗಿದ್ದವು. ಹೆಂಗಸರನ್ನು ಎಂಟು ನಿಮಿಷ ತಡೆದು ಬಿಡುವುದು ಈ ಸ್ಪರ್ಧೆಯ ನಿಯಮ. ಮುಕ್ಕಾಲು ಕಿಲೋಮೀಟರು ಈಜು, ಇಪ್ಪತ್ತು ಕಿಲೋಮೀಟರು ಸೈಕಲ್ಲು, ಐದು ಕಿಲೋಮೀಟರು ಓಟ, ಒಂದರ ಬೆನ್ನಿಗೊಂದು. ಮುಗಿಸಿದವರಿಗೆಲ್ಲ ಒಂದು ತಗಡಿನ ಪದಕ.

ನೀರಿಗಿಳಿಯುವ ಮುನ್ನ ಗಂಡ ಅವಳ ಟೋಪಿ ಸರಿಮಾಡಿದ್ದ. ಎಂಟು ನಿಮಿಷ ಅಂದ್ರೆ ಕಡಿಮೆಯೇನಲ್ಲ, ನಾನು ನಿಧಾನಕ್ಕೆ ಹೋಗ್ತಿರ್ತೀನಿ, ಕೊನೇಲಿ ಜೊತೆಗೇ ಮುಗಿಸೋಣ ಎಂದಿದ್ದ. ಅವಳಿಗೆ ಒಳಗೊಳಗೇ ನಗು ಬಂದಿತ್ತು. ನಿಧಾನಕ್ಕೆ ಹೋಗುವುದನ್ನು ಅವನು ಬೇರೆ ಕಲಿಯಬೇಕೆ?

ಎರಡು ವರ್ಷದಿಂದ ಮಗಳನ್ನು ಶಾಲೆಗೆ ಎಬ್ಬಿಸುವ ಮೊದಲು ಇಬ್ಬರೂ ಜೊತೆಯಾಗಿ ಓಡುತ್ತಿದ್ದರು. ಅವಳು ಪ್ರತಿದಿನ ಕಳ್ಳಾಟ ಆಡುತ್ತಿದ್ದಳು. ಅವನು ಹಿಂದೆ ಬಿದ್ದನೆಂದು ಹೆಜ್ಜೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ತಕ್ಷಣ ಬಗ್ಗಿ, ಬಿಚ್ಚಿಲ್ಲದ ಲೇಸು ಕಟ್ಟುವಳು. ಸೈಕಲ್ಲಿನಲ್ಲಾದರೆ ಚೈನು ಜಾರಿದೆ ಎನ್ನುವಳು. ಅವನು ಏದುಸಿರು ಬಿಡುತ್ತ ಬಂದು, ನೋಡು, ಹಿಡಿದೇಬಿಟ್ಟೆ ಎನ್ನುವನು. ತಿಂಡಿ ತಿನ್ನುವಾಗ ಅದನ್ನೇ ಮಗಳಿಗೂ ಹೇಳುವನು. ಅಪ್ಪನಿಗೆ ಎಷ್ಟೊಂದು ಖುಷಿ ಎಂದು ಮಗಳು ಅಮ್ಮನ ಮುಖ ನೋಡುವಳು.

ತನ್ನ ನಿಜವಾದ ವೇಗ ಎಷ್ಟೆಂದು ಅವಳಿಗೇ ಗೊತ್ತಿರಲಿಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ಅದನ್ನು ತಿಳಿಯಬೇಕೆನ್ನುವುದು ಕದ್ದು ತಿನ್ನುವ ಆಸೆಯ ಹಾಗಿತ್ತು. ಇವತ್ತು ನಿಯಮವೇ ಅವನನ್ನು ಮುಂದೆ ಕಳಿಸಿತ್ತು. ಇವತ್ತು ಅವಳು ಎಷ್ಟು ಜೋರಾಗಿ ಹೋದರೂ ಅದು ಅವನ ಕಡೆಗೇ. ಸೈಕಲ್ಲಿನ ಅರ್ಧದಾರಿಯಲ್ಲಿ ಸಿಗುತ್ತಾನೆ ಎಂದು ಲೆಕ್ಕ ಹಾಕಿದ್ದಳು. ಸಿಕ್ಕ ಮೇಲೆ ದಾಟಿ ಹೋಗುವುದೋ ಬೇಡವೋ ಎಂಬುದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ.

ಸೀಟಿ ಊದಿದರು.

ನೀರಿನೊಳಗೆ ಸದ್ದಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ನುಗ್ಗದ ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದು ಹೇಳಿ ತಾನು ಹೊರಗೆ ಕೂರುವವಳು. ಇವತ್ತು ತಾನೇ ಒಳಗೆ ಕೂತ ಹಾಗಿತ್ತು. ಯಾರ ಹೆಜ್ಜೆಗೂ ಕಿವಿಗೊಡಬೇಕಾಗಿರಲಿಲ್ಲ. ಕೈ ತಾನಾಗಿಯೇ ನೀರನ್ನು ಸೀಳಿಕೊಂಡು ಹೋಯಿತು. ದಡ ಬಂದಾಗ ಬೇಸರವಾಯಿತು.

ಸೈಕಲ್ಲಿನ ದಾರಿ ಕೆರೆಯನ್ನು ಒಂದು ದೊಡ್ಡ ಸುತ್ತು ಹಾಕುತ್ತಿತ್ತು. ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ಕೆಂಪು ಟೋಪಿಯ ಗುಂಪಿನವರೂ ಸಿಕ್ಕರು, ಬೊಜ್ಜಿನವರು, ಬೆವರಿನವರು. ಪ್ರತಿಯೊಂದು ಬೆನ್ನನ್ನೂ ಗಂಡನ ಬೆನ್ನಿರಬಹುದೆಂದು ನೋಡಿದಳು. ಅರ್ಧದಾರಿ ಕಳೆಯಿತು. ಮುಕ್ಕಾಲು ಕಳೆಯಿತು. ಅವನಿರಲಿಲ್ಲ.

ಸೈಕಲ್ಲು ನಿಲ್ಲಿಸುವ ಕಡೆ ಬಂದರೆ, ಅವನ ಸೈಕಲ್ಲು ಆಗಲೇ ಕಂಬಿಗೆ ನೇತುಬಿದ್ದಿತ್ತು. ಹೆಲ್ಮೆಟ್ಟಿನ ಪಟ್ಟಿ ಮುಟ್ಟಿದಳು. ಬೆವರು ಒಣಗಿ ಬಿರುಸಾಗಿತ್ತು.

ಅರ್ಧಕ್ಕೇ ಬಿಟ್ಟಿರಬೇಕು ಎನಿಸಿತು. ಅಡ್ಡದಾರಿಯಲ್ಲಿ ವಾಪಸು ಬಂದು ಎಲ್ಲೋ ನೆರಳಲ್ಲಿ ಕೂತಿರಬೇಕು. ಛೆ ಅಂದುಕೊಂಡಳು. ಆದರೆ ಆ ಛೆಗಿಂತ ಒಂದು ಗಳಿಗೆ ಮೊದಲೇ ಮೈ ಹಗುರವಾಗಿತ್ತು. ಅದು ಅವಳ ಗಮನಕ್ಕೆ ಬಂತು.

ಓಟದ ದಾರಿ ನೇರ. ಎರಡೂವರೆ ಕಿಲೋಮೀಟರು ಹೋಗಿ, ಅದೇ ರಸ್ತೆಯಲ್ಲಿ ತಿರುಗಿ ಬರಬೇಕು. ಹತ್ತು ನಿಮಿಷ ಓಡಿರಬಹುದು. ಎದುರಿನಿಂದ ಒಬ್ಬ ಬರುತ್ತಿದ್ದ. ಮೊಣಕೈ ಪಕ್ಕೆಗೆ ಅಂಟಿಸಿಕೊಂಡು, ನೆಲ ಮುಟ್ಟಿದ್ದೇ ತಿಳಿಯದ ಹಾಗೆ ಕಾಲು ಹಾಕುತ್ತ, ಯಾರಿಗೂ ಏನೂ ಹೇಳಬೇಕಾಗಿಲ್ಲದವನ ಮುಖ ಹೊತ್ತು ಬರುತ್ತಿದ್ದ. ಯಾರಪ್ಪ ಇವನು, ಎಷ್ಟು ಚೆನ್ನಾಗಿ ಓಡುತ್ತಾನೆ ಅಂದುಕೊಂಡಳು.

ಗಂಡ.

ಅವನೂ ಅವಳನ್ನು ನೋಡಿದ. ನೋಡಿದ ಮರುಹೆಜ್ಜೆಗೇ ಬಲಗಾಲು ಕುಂಟಿತು.

ಕಿವಿ ಪರೀಕ್ಷೆಗೆ ಬಂದವರಲ್ಲಿ ಕೆಲವರು ಕೇಳಿಸದಿದ್ದರೂ ಗುಂಡಿ ಒತ್ತುತ್ತಾರೆ. ಹೊರಗೆ ಕೂತವರಿಗೆ ಬೇಸರವಾಗಬಾರದೆಂದು. ಅಂಥವರನ್ನು ಅವಳು ಮುಖ ನೋಡಿಯೇ ಹಿಡಿಯುತ್ತಾಳೆ ಎಂದು ಆಸ್ಪತ್ರೆಯಲ್ಲಿ ಹೆಸರಿತ್ತು.

"ಮೀನಖಂಡ ಹಿಡ್ಕೊಂಡ್ಬಿಟ್ಟಿದೆ ಕಣೇ," ಎಂದ ಗಂಡ, ಬಗ್ಗಿ ಕಾಲು ಉಜ್ಜುತ್ತ. ಏದುಸಿರನ್ನು ಕೂಡ ಸ್ವಲ್ಪ ತಡವಾಗಿ ಶುರುಮಾಡಿದ.

"ಯಾವಾಗಿಂದ?"

"ಆಗ್ಲಿಂದ. ನೀನು ತಿರುಗಿಕೊಂಡು ಬಾ. ನಾನು ನಡೀತಿರ್ತೀನಿ."

ಅವಳು ತಿರುವಿನ ಕಡೆ ಓಡಿದಳು. ಎರಡು ವರ್ಷದ ಬೆಳಗುಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಹಿಂದೆ ಬೀಳುತ್ತಿದ್ದ ಹೆಜ್ಜೆ ಸದ್ದು. ಹಿಡಿದೇಬಿಟ್ಟೆ ಎಂಬ ಮಾತು. ಅವಳಿಗಾಗಿ ಅವನು ನಿಧಾನ, ಅವನಿಗಾಗಿ ಅವಳು ನಿಧಾನ. ಹಾಗಾದರೆ ಇಷ್ಟು ವರ್ಷ ಇಬ್ಬರೂ ನಡೆದದ್ದು ಯಾರ ವೇಗದಲ್ಲಿ? ಬರಿಯ ಓಟದ ಮಾತೆ ಇದು? ಈಗಿರುವ ಮನೆ ಅವನಿಗಿಷ್ಟವೆಂದು ಅವಳು ಒಪ್ಪಿದ್ದಳು. ಅವಳಿಗಿಷ್ಟವೆಂದು ಅವನು ಹುಡುಕಿದ್ದನೇ? ಕೇಳಿಬಿಡಬಹುದಿತ್ತು. ಕೇಳಿದ ಮೇಲೆ ಯಾವ ಮನೆಗೆ ಹೋಗುವುದು?

ತಿರುವು ದಾಟಿ ವಾಪಸು ಬರುವಾಗ ಅವಳು ನಿಜವಾಗಿ ಓಡಿದಳು. ಮುಗಿಯಲು ಅರ್ಧ ಕಿಲೋಮೀಟರು ಇದ್ದಾಗ ಗಂಡ ಕಂಡ. ಓಡುವವರಿಗೆಂದು ನೀರಿಟ್ಟ ಮೇಜಿನ ಪಕ್ಕ, ರಸ್ತೆಗೆ ಬೆನ್ನು ಹಾಕಿ, ಮರಕ್ಕೆ ಕೈಯೂರಿ ಕಾಲು ಚಾಚುತ್ತಿದ್ದ. ಅದೇ ಹೊತ್ತಿಗೆ ಐದಾರು ಜನರ ಗುಂಪೊಂದು ಅವಳ ಜೊತೆಯಾಯಿತು. ಗುಂಪಿನ ಆಚೆ ಬದಿಗೆ ಸರಿದಳು. ತಲೆ ತಗ್ಗಿಸಿದಳು. ದಾಟಿದಳು.

ಒಂದು ಹೆಜ್ಜೆ. ಎರಡು. ಹತ್ತು. ಕೂಗಿ ಕರೆಯುತ್ತಾನೆಂದು ಬೆನ್ನು ಕಾದಿತ್ತು. ಕರೆಯಲಿಲ್ಲ. ಮುಂದೆ ರಸ್ತೆ ಖಾಲಿಯಿತ್ತು. ಇನ್ನು ಓಡಿದರೆ ಮುಗಿಯಿತು. ಅವಳು ಗೆದ್ದದ್ದೂ ಅಲ್ಲ, ಅವನು ಸೋತದ್ದೂ ಅಲ್ಲ. ಇಬ್ಬರೂ ಬಿಡುಗಡೆಯಾದಂತೆ ಅಷ್ಟೆ. ಇಪ್ಪತ್ತು ಹೆಜ್ಜೆಯಾಯಿತು.

ಅವಳು ಬಗ್ಗಿ ಲೇಸಿಗೆ ಕೈ ಹಾಕಿದಳು.

ಹಿಂದಿನಿಂದ ಕುಂಟುವ ಸದ್ದು ಹತ್ತಿರವಾಯಿತು.

"ಬಿಚ್ಚಿತಾ?"

"ಹೂಂ."

"ಯಾವಾಗ್ಲೂ ನಿಂದೇ ಬಿಚ್ಚುತ್ತೆ," ಎಂದ ಗಂಡ. ಮುಖ ಬೇರೆ ಕಡೆ ಇತ್ತು.

"ನಿಮ್ಮ ಕಾಲು?"

"ವಾಸಿ. ಸ್ವಲ್ಪ."

ಕೈ ಹಿಡಿದುಕೊಂಡರು. ಅವನು ಈಗ ಎಡಗಾಲು ಕುಂಟುತ್ತಿದ್ದ. ಅವಳು ನೋಡಿದಳು. ಅವಳ ಉಸಿರಿಗೆ ಆಯಾಸವೇ ಇಲ್ಲದ್ದನ್ನು ಅವನೂ ಕೇಳಿಸಿಕೊಂಡಿರಬೇಕು. ಮುಕ್ತಾಯದ ಗೆರೆಯ ಹತ್ತಿರ ಧ್ವನಿವರ್ಧಕದವನು, ನೋಡಿ, ಆದರ್ಶ ದಂಪತಿ ಎಂದು ಕೂಗಿದ. ಜನ ಚಪ್ಪಾಳೆ ತಟ್ಟಿದರು. ಇಬ್ಬರ ಹೆಜ್ಜೆಯೂ ಒಂದೇ ಸಲ ಗೆರೆ ಮುಟ್ಟಿತು.

ಫೋಟೋದವನು ಓಡಿ ಬಂದ. ಯಾರೋ ಅಡ್ಡ ಬಂದುಬಿಟ್ಟರಂತೆ. "ಸರ್, ಮೇಡಂ, ಇನ್ನೊಂದ್ಸಲ. ಗೆರೆಯಿಂದ ಈಚೆ ನಿಂತ್ಕೊಳ್ಳಿ. ಓಡೋದು ಬೇಡ, ಓಡೋ ಥರ ನಿಲ್ಲಿ ಸಾಕು."

ನಿಂತರು. ಅವನು ಎಡಗಾಲು ಎತ್ತಿದ, ಅವಳು ಬಲಗಾಲು. ಹಿಡಿದ ಕೈಗಳನ್ನು ಮೇಲೆ ಮಾಡಿದರು. ಇನ್ನೂ ಸ್ವಲ್ಪ ನಗಬೇಕು ಎಂದ ಫೋಟೋದವನು, ನಕ್ಕರು. ಅಲ್ಲಾಡಬೇಡಿ ಎಂದ, ಅಲ್ಲಾಡಲಿಲ್ಲ. ಎರಡೂ ಪಕ್ಕದಿಂದ ಜನ ಬೆವರು ಚೆಲ್ಲುತ್ತ ಅವರನ್ನು ದಾಟಿ ಹೋದರು. ಫೋಟೋದವನು ಬಿಸಿಲು ಸರಿಯಿಲ್ಲವೆಂದು ಜಾಗ ಬದಲಿಸಿದ. ಒಂಟಿಕಾಲಿನಲ್ಲಿ, ಓಡುವವರ ಹಾಗೆ, ಇಬ್ಬರೂ ಕಾದರು.

ಕೊಟ್ಟ ಮಾತು ಉಳಿಯಿತು.