ಬಿಚ್ಚಿ ಕಟ್ಟಿದ ಆಟ

ಮೈದುನ ಮೇಜಿನಡಿ ನುಸುಳಿ ಕಂಪ್ಯೂಟರಿನ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದ. ಸ್ಮಶಾನದಿಂದ ಬಂದವರು ಕೂರಲು ಹಾಲ್‌ನಲ್ಲಿ ಜಾಗ ಸಾಲುತ್ತಿರಲಿಲ್ಲ.

"ಅತ್ತಿಗೆ, ಇದನ್ನ ನಮ್ಮ ಹುಡುಗನಿಗೆ ಒಯ್ತೀನಿ. ಒಳಗಿರೋದನ್ನೆಲ್ಲ ಅಳಿಸಿಬಿಟ್ರೆ ಹೊಸದರ ಹಾಗೇ ಇರುತ್ತೆ."

ಅವಳು ಹೂಂ ಎಂದಳು. ಗಂಡನೇ ಹೋದ ಮೇಲೆ ಆ ಪೆಟ್ಟಿಗೆಯಿಂದ ಅವಳಿಗೇನಾಗಬೇಕು? ದಿನವೆಲ್ಲ ಲಿಫ್ಟ್ ರಿಪೇರಿ ಮಾಡಿ ಬರುತ್ತಿದ್ದ ಮನುಷ್ಯ, ಕೈಯ ಗ್ರೀಸ್ ತೊಳೆದದ್ದೇ ತಡ, ಅದರ ಮುಂದೆ ಕೂತುಬಿಡುತ್ತಿದ್ದ. ಅವಳ ಪಾಲಿಗೆ ಅದು ಸವತಿ.

*

"ಈ ವಯಸ್ಸಲ್ಲಿ ಆಟ ಆಡ್ತೀರಲ್ರೀ, ನಾಚಿಕೆ ಆಗಲ್ವಾ?"

"ಆಡ್ತಿಲ್ಲ ಕಣೇ, ಬಿಚ್ತಿದೀನಿ."

ಕಂಪ್ಯೂಟರ್ ಆಟವೆಂದರೆ ಗಂಟು ಕಟ್ಟಿದ ಒಂದು ದೊಡ್ಡ ಫೈಲು ಎಂದು ಗಂಡ ಆಗ ವಿವರಿಸಿದ್ದ. ಚಿತ್ರ, ಮಾತು, ಸದ್ದು ಎಲ್ಲವನ್ನೂ ಅದರೊಳಗೆ ತುರುಕಿರುತ್ತಾರೆ. ಗಂಟು ಬಿಚ್ಚಿ, ಬೇಡದ ಸದ್ದು ತೆಗೆದು, ಬೇಕಾದದ್ದನ್ನು ಇಟ್ಟು, ಮತ್ತೆ ಮೊದಲಿನಂತೆಯೇ ಕಟ್ಟಬೇಕು. ಚೂರು ಹೆಚ್ಚುಕಡಿಮೆಯಾದರೂ ಆಟ ಮೇಲೇಳುವುದಿಲ್ಲ. ಒಮ್ಮೆ ಸದ್ದು ಅದಲುಬದಲಾಗಿ, ಆಟದಲ್ಲಿ ನಾಯಿಯ ಬದಲು ಮಂತ್ರಿ ಬೊಗಳಿಬಿಟ್ಟಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಇದೆಲ್ಲ ಯಾರಿಗಾಗಿ ಎಂದು ಮಾತ್ರ ಅವಳು ಕೇಳಿರಲಿಲ್ಲ.

*

ಕಣ್ಣು ಕಾಣದ ಹೆಂಗಸೊಬ್ಬಳು ಬಿಳಿ ಕೋಲಿನಿಂದ ನೆಲ ತಡವುತ್ತ ಬಾಗಿಲಿಗೆ ಬಂದಳು.

"ನಿಧಾನ ಬನ್ನಿ, ಹೊಸ್ತಿಲಿದೆ," ಎಂದಳು ಇವಳು.

ಹೆಂಗಸು ಅಲ್ಲೇ ನಿಂತಳು. "ಅಯ್ಯೋ, ನೀವೇ! ನಿಮ್ಮ ದನಿ ಹಿಡ್ಕೊಂಡೇ ಅಲ್ವಾ ಅಕ್ಕಾ, ನಾವೆಲ್ಲ ಕಾಡು ದಾಟೋದು?"

ಯಾರಿಗೂ ಏನೂ ಅರ್ಥವಾಗಲಿಲ್ಲ. ಬಂದವಳು ಯಾವುದೋ ಆಫೀಸಿನ ಟೆಲಿಫೋನ್ ಆಪರೇಟರ್. ಅಲ್ಲಿನ ಲಿಫ್ಟ್ ಸರಿಮಾಡಲು ಹೋಗಿದ್ದ ಇವಳ ಗಂಡನಿಗೆ, ಪ್ರತಿ ಮಹಡಿಗೂ ಗಂಟೆ ಬಾರಿಸುವಂತೆ ಮಾಡಿಕೊಡಿ ಎಂದು ಕೇಳಿದ್ದಳಂತೆ.

"ಮಾತಿಗೆ ಮಾತು ಬಂದು, ನಮ್ಮಣ್ಣ ಆಡೋ ಆಟ ನಾನೂ ಆಡ್ಬೇಕು ಅಂದೆ. ಕಣ್ಣಿಲ್ಲದೋರೂ ಆಡೋ ಹಾಗೆ ಮಾಡ್ತೀನಿ ಅಂತ ಇವರು ಹಟಾನೇ ಹಿಡಿದುಬಿಟ್ರು. ಹುಲ್ಲಿಗೊಂದು ಹೆಜ್ಜೆ ಸದ್ದು, ಕಲ್ಲಿಗೊಂದು, ನೀರಿಗೊಂದು. ಊರು ಹತ್ರ ಬಂತು ಅನ್ನೋದಕ್ಕೆ ನಿಮ್ಮ ಕೂಗು: 'ರೀ, ಸಾಕು ಏಳಿ, ಊಟ ಆರಿಹೋಗ್ತಿದೆ!' ನನ್ನಂಥೋರು ಎಷ್ಟೋ ಜನ ಆ ಕೂಗು ಕೇಳಿಯೇ ಊರು ಸೇರ್ತೀವಿ."

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಮರುಕ್ಷಣ ಎಲ್ಲರಿಗೂ ನಗು.

"ಕದ್ದು ರೆಕಾರ್ಡ್ ಮಾಡಿದಾರೆ, ಕಳ್ಳ!" ಎಂದು ಅವಳೂ ನಕ್ಕಳು. ಬೆಳಗಿನಿಂದ ಒಣಗಿದ್ದ ಕಣ್ಣು ಈಗ ತುಂಬಿತು.

"ಆಟದಲ್ಲಿ ಕೊನೇ ಗೋಪುರ ಒಂದು ಉಳಿದುಬಿಟ್ಟಿದೆ ಅಕ್ಕಾ. ಮೆಟ್ಟಿಲಿಗೆ ಸದ್ದಿಲ್ಲ, ಎಲ್ಲರೂ ಬೀಳ್ತಿದೀವಿ. ಬಿಚ್ಚಿಟ್ಟ ಫೈಲು ಅವರ ಕಂಪ್ಯೂಟರಲ್ಲೇ ಇದೆ. ಕಟ್ಟೋದನ್ನ ನಂಗೂ ಕಲಿಸಿದಾರೆ."

ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದ ಮೈದುನನತ್ತ ಅವಳು ತಿರುಗಿದಳು. "ಕೆಳಗಿಡಪ್ಪಾ. ಅಳಿಸೋದು ಬೇಡ."

ಅವನು ಮಗುವನ್ನು ಮಲಗಿಸುವಂತೆ ಅದನ್ನು ಮೇಜಿನ ಮೇಲಿಟ್ಟ.

ಸಂಜೆಯಾಗಿ, ಬಂದವರೆಲ್ಲ ಮಹಡಿ ಇಳಿಯತೊಡಗಿದ್ದರು. ಗೋಪುರದ ಮೆಟ್ಟಿಲಿಗೆ ದನಿ ರೆಕಾರ್ಡ್ ಮಾಡಲು ಆಪರೇಟರ್ ಮೆಟ್ಟಿಲ ತಿರುವಿನಲ್ಲಿ ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದಳು.

"ಏನಂತ ಹೇಳ್ಲಿ?"

"ಹತ್ತಿ ಹತ್ತಿ ಸುಸ್ತಾದೋರಿಗೆ ಏನು ಹೇಳ್ತೀರೋ, ಅದೇ."

"ಒಂದು ನಿಮಿಷ, ಯಾರೂ ಅಲ್ಲಾಡಬೇಡ್ರಪ್ಪಾ!" ಎಂದು ಅವಳು ಕೆಳಗೆ ಬಗ್ಗಿ ಕೂಗಿದಳು. ಇಡೀ ಮೆಟ್ಟಿಲಸಾಲು ಗಪ್‌ಚಿಪ್ಪಾಯಿತು. ಮೈದುನ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ.

ಅವಳು ಗಂಟಲು ಸರಿಮಾಡಿಕೊಂಡಳು.

"ಗೋಡೆ ಹಿಡ್ಕೊಳ್ಳಿ. ಇನ್ನೊಂದೇ ಮೆಟ್ಟಿಲು."