ಕೈ ಕಟ್ಟಿ ನಿಂತವಳು

ಹೈಟಿಯಿಂದ ಬಂದ ಮಿರ್ಲಾಂದ್ ಅಮೆರಿಕದ ಸೈನ್ಯ ಸೇರಿ, ಇರಾಕಿನ ಧೂಳು ಕುಡಿದು, ಈಗ ಒಹಾಯೊ ರಾಜ್ಯದ ಶಾಸನಸಭೆಗೆ ನಿಂತಿದ್ದಳು. ಮನೆಮನೆ ತಿರುಗಿ ಓಟು ಕೇಳಲು ನಾದಿನಿ ಯೊಲೆತ್ ಜೊತೆಗಿದ್ದಳು. ಬಾವುಟ ಕಟ್ಟಿದ್ದ ಮನೆಯೊಂದರ ಬೆಲ್ ಒತ್ತಿ, ಮಿರ್ಲಾಂದ್ ಕಾಲಗಲಿಸಿ, ಕರಪತ್ರ ಹಿಡಿದ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ಸೈನ್ಯದಲ್ಲಿ ಮೇಲಧಿಕಾರಿಗಳೆದುರು ಸಿಪಾಯಿ ನಿಲ್ಲಬೇಕಾದದ್ದೇ ಹಾಗೆ.

ಬಾಗಿಲು ಗೇಣಷ್ಟು ತೆರೆಯಿತು. ಮುದುಕನ ಕೈಯಲ್ಲಿ ಬಂದೂಕಿತ್ತು.

"ಹಿಂದೆ ಏನು ಬಚ್ಚಿಟ್ಕೊಂಡಿದ್ದೀಯ? ಕೈ ತೋರ್ಸು!"

"ಏನಿಲ್ಲ ಸರ್, ಓಟು ಕೇಳೋಕೆ ಬಂದೆ."

"ತೋರ್ಸು ಅಂದ್ನಲ್ಲ!"

ಮಿರ್ಲಾಂದ್ ಎರಡೂ ಕೈ ಮೇಲೆತ್ತಿದಳು. ಸಮವಸ್ತ್ರದಲ್ಲಿ ನಗುತ್ತಿದ್ದ ಅವಳದೇ ಚಿತ್ರಗಳು ಮೆಟ್ಟಿಲ ಮೇಲೆಲ್ಲ ಚೆಲ್ಲಿದವು. ಮುದುಕ ಅವುಗಳತ್ತ ಕಣ್ಣೂ ಹಾಯಿಸದೆ ಬಾಗಿಲನ್ನು ಧಡಾರನೆ ಹಾಕಿಕೊಂಡ.

"ಹಾಳಾಗ್ ಹೋಗ್ಲಿ ಅತ್ತಿಗೆ, ಮುಂದಿನ ಮನೆಗೆ ಹೋಗೋಣ," ಎಂದಳು ಯೊಲೆತ್, ಕರಪತ್ರ ಹೆಕ್ಕುತ್ತ. "ಕೈ ಇಳ್ಸಿ, ಅವ್ನು ಹೋದ."

ಮಿರ್ಲಾಂದ್ ಇಳಿಸಲಿಲ್ಲ. ಇರಾಕಿನಲ್ಲಿ ಅಲ್ಲಿಯವರ ಭಾಷೆಯಲ್ಲಿ ಅವಳು ಕಲಿತದ್ದು 'ಕೈ ತೋರ್ಸು' ಅನ್ನೋ ಇದೊಂದೇ ಮಾತು. ಕಂಡವರ ಮನೆಬಾಗಿಲು ಒದ್ದು ಕೂಗುತ್ತಿದ್ದದ್ದೂ ಇದನ್ನೇ.

"ನಾನೂ ಹಿಂಗೇ ಕೂಗ್ತಿದ್ದೆ ಕಣೇ," ಎಂದಳು. "ಆಮೇಲೆ ಕೈ ಇಳ್ಸಿ ಅಂತ ಹೇಳೋದನ್ನ ಮಾತ್ರ ನಮಗ್ಯಾರೂ ಕಲಿಸ್ಲಿಲ್ಲ."