ಲಿನ್ ಟೀಚರ್ ಅವರ ಷಕಾರ

ಗುಣವತಿ ಪ್ರತಿ ಶನಿವಾರ ಟೇಪ್ ರೆಕಾರ್ಡರ್ ಹಿಡಿದು ಮೆಲ್ಬರ್ನ್ ಹೊರವಲಯದ ಗ್ಲೆನ್ ವೇವರ್ಲಿಗೆ ಹೋಗುತ್ತಿದ್ದಳು. ಅಲ್ಲಿ ಲಿನ್ ಟೀಚರ್ ಇದ್ದರು. ತೈವಾನಿನ ತೈಪೆಯ ಶಾಲೆಯಲ್ಲಿ ಮ್ಯಾಂಡರಿನ್ ಕಲಿಸಿ ನಿವೃತ್ತರಾದವರು. ಗುಣವತಿ ಉಡುಪಿಯವಳು, ಮೆಲ್ಬರ್ನ್‌ನಲ್ಲಿ ಧ್ವನಿವಿಜ್ಞಾನದ ಸಂಶೋಧಕಿ. ಗಂಡ ಸುಕೇಶನ ಕೆಲಸ ಸಿಡ್ನಿಯಲ್ಲಿ. ವಾರದಲ್ಲಿ ಅವಳು ಮನಸಾರೆ ಮಾತಾಡುತ್ತಿದ್ದುದು ಲಿನ್ ಟೀಚರ್ ಅವರ ಅಡುಗೆಮನೆಯಲ್ಲಿ ಮಾತ್ರ, ಅದೂ ಕಲಿತ ಮ್ಯಾಂಡರಿನ್‌ನಲ್ಲಿ.

ತೈವಾನಿನವರ ಬಾಯಲ್ಲಿ ಮ್ಯಾಂಡರಿನ್‌ನ ಷಕಾರ ಸಕಾರವಾಗುವುದು ಅವಳ ಸಂಶೋಧನೆಯ ವಿಷಯ. ಹತ್ತಕ್ಕೆ ‘ಷಿ’ ಎನ್ನುವಲ್ಲಿ ‘ಸಿ’ ಎನ್ನುತ್ತಾರೆ. ಪುಸ್ತಕ ಓದಿಸಿದರೆ ಎಚ್ಚರದಿಂದ ನಾಲಿಗೆ ಮಡಚುತ್ತಾರೆ; ಮೈಮರೆತಾಗಲೇ ಅದು ಸಡಿಲವಾಗುವುದು. ಲಿನ್ ಟೀಚರ್ ತಿಂಗಳುಗಟ್ಟಲೆ ಪಾಠ ಹೇಳುವವರಂತೆಯೇ ಮಾತಾಡಿದರು. ಒಂದು ದಿನ ಮೂಲಂಗಿ ತುರಿಯುತ್ತ ತಮ್ಮ ಅತ್ತೆಯ ಜಿಪುಣತನದ ಕತೆ ತೆಗೆದರು. ನಗುನಗುತ್ತ ಹೇಳುವಾಗ ಷಕಾರಗಳೆಲ್ಲ ಕರಗಿಹೋದವು. ಕತೆ ಮುಗಿಯುವ ಮೊದಲೇ ಗುಣವತಿಯ ರೈಲಿನ ಹೊತ್ತಾಯಿತು.

ಅಂಥ ಟೇಪು ಸಿಕ್ಕ ಖುಷಿಗೆ ಗುಣವತಿ ಮುಂದಿನ ವಾರ ಅದನ್ನು ಅವರಿಗೇ ಕೇಳಿಸಿದಳು.

ಲಿನ್ ಟೀಚರ್ ಕೈಯೊರೆಸಿಕೊಂಡರು. "ಇದು ನನ್ನ ಬಾಯಾ?"

"ಚೆನ್ನಾಗಿದೆ ಟೀಚರ್. ಎಲ್ಲರೂ ಹೀಗೇ ಮಾತಾಡೋದು."

"ಹೀಗೆ ಮಾತಾಡಿದ ಮಕ್ಕಳನ್ನ ನಾನು ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ."

"ಅಳಿಸಿಬಿಡಲಾ?"

"ಬೇಡ. ನಿಮ್ಮ ಕೆಲಸಕ್ಕೆ ಬೇಕಲ್ಲ."

ಆಮೇಲೂ ಶನಿವಾರಗಳು ಬಂದವು, ಚಹಾ ಬಂತು. ಆದರೆ ಅವರ ಒಂದೊಂದು ಷಕಾರವೂ ಕರಿಹಲಗೆಯ ಮೇಲೆ ಬರೆದಂತೆ ಸ್ಪಷ್ಟವಾಗಿತ್ತು. ಅತ್ತೆಯ ಕತೆ ಮತ್ತೆ ಮಾತಿನಲ್ಲಿ ಬರಲಿಲ್ಲ.

"ಬೇಕಾದ್ದು ಸಿಕ್ಕಿತಲ್ಲ ಮಾರಾಯ್ತಿ, ಇನ್ನೆಂತ ಬೇಜಾರು?" ಎಂದ ಸುಕೇಶ ಫೋನಿನಲ್ಲಿ. "ಇನ್ನೊಬ್ಬ ಅಜ್ಜಿಯನ್ನು ಹುಡುಕು."

"ಆ ಅತ್ತೆಗೆ ಕಡೆಗೆ ಎಂತಾಯ್ತು ಅಂತ ಗೊತ್ತೇ ಆಗಲಿಲ್ಲ," ಎಂದಳು ಗುಣವತಿ.

ಅವನಿಗೆ ಅರ್ಥವಾಗಲಿಲ್ಲ. ಸಿಡ್ನಿಯಲ್ಲಿ ರೆಂಟ್ ಜಾಸ್ತಿಯಾದದ್ದನ್ನು ಹೇಳತೊಡಗಿದ.

ಮುಂದಿನ ಶನಿವಾರ ಅವಳು ಬರಿಗೈಯಲ್ಲಿ ಹೋದಳು. "ಇವತ್ತು ಯಂತ್ರ ತಂದಿಲ್ಲ ಟೀಚರ್. ಅತ್ತೆಯ ಕತೆ ಹೇಳಿ."

ಲಿನ್ ಟೀಚರ್ ಚಹಾ ಬಗ್ಗಿಸಿದರು. "ಅದು ಹಳೆಯ ವಿಷಯ," ಎಂದರು, ನಾಲಿಗೆಯನ್ನು ಚೆನ್ನಾಗಿ ಮಡಚಿ. "ಹೊರಗೆ ಗಾಳಿ ಜೋರಾಗಿದೆ, ಅಲ್ಲವೇ?"

ಜೋರಾಗಿಯೇ ಇದೆ ಎಂದಳು ಗುಣವತಿ. ರೈಲಿನ ಹೊತ್ತಾಗುವ ತನಕ ಇಬ್ಬರೂ ಎದುರುಬದುರು ಕೂತು, ಒಂದು ಉಚ್ಚಾರವೂ ತಪ್ಪದಂತೆ, ಹವೆಯ ಬಗ್ಗೆ ಮಾತಾಡಿದರು.